ಎರಡನೇ ಹೆಡ್‌ಫೋನ್ ಯಾರಿಗೆ?

ದಸರಾ ರಜೆಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಮೂರು ಹೆಡ್‌ಫೋನ್ ಇದ್ದವು. ಒಂದು ನನ್ನದು. ಉಳಿದೆರಡು ಆಫೀಸಿನ ಗೆಳೆಯನಿಂದ ನಾಲ್ಕು ದಿನದ ಮಟ್ಟಿಗೆ ಕಡ ತಂದವು. ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮನೆಗೆ ಬಂದು ಬ್ಯಾಗ್ ಬಿಚ್ಚಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಕಿವಿ ಎರಡ ಅದಾವಲ್ಲೋ ನಿನಗ?"

ಹೇಗೆ ಉತ್ತರಿಸೋದು ಹೇಳಿ...

ವಿಷಯ ಇಷ್ಟು. ನನ್ನ ಹತ್ತಿರ ಇರುವುದು ಸೆನ್‌ಹೈಸರ್ ಎಚ್‌ಡಿ 650. ಅದು ಮಾರುಕಟ್ಟೆಗೆ ಬಂದದ್ದು 2003ರಲ್ಲಿ, ನಾನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ. ನೌಕರಿ ಸೇರಿ ಮೊದಲ ಬೋನಸ್ ಬಂದಾಗ ಕೊಂಡಿದ್ದೆ. ಇದು ಓಪನ್ ಬ್ಯಾಕ್ ಜಾತಿಯದು. ಹಿಂಬದಿ ಬರೀ ಜಾಲರಿ, ಹಾಗಾಗಿ ಒಳಗಿನ ಹಾಡು ಹೊರಗೂ ಕೇಳುತ್ತದೆ, ಹೊರಗಿನ ಸದ್ದು ಒಳಗೂ ಬರುತ್ತದೆ. ಈ ಹುಚ್ಚು ಹಿಡಿದವರು ಒಂದು ನಿಯಮ ಪಾಲಿಸುತ್ತಾರೆ: ಎರಡನೇ ಜೋಡಿ ಮೊದಲನೆಯದರ ತದ್ರೂಪು ಆಗಬಾರದು. ಮೊದಲನೆಯದು ಓಪನ್ ಇದ್ದರೆ ಎರಡನೆಯದು ಕ್ಲೋಸ್ಡ್ ತಗೋ. ಮೊದಲನೆಯದು ಡೈನಾಮಿಕ್ ಇದ್ದರೆ ಎರಡನೆಯದು ಪ್ಲಾನರ್ ತಗೋ. ಅದರಂತೆ ನಾನು ಕಡ ತಂದದ್ದರಲ್ಲಿ ಒಂದು ಕ್ಲೋಸ್ಡ್, ಇನ್ನೊಂದು ಹೈಫೈಮನ್ ಕಂಪನಿಯ ಸುಂದರಾ ಎಂಬ ಪ್ಲಾನರ್. (ಹೆಸರು ಕೇಳಿ ಅಜ್ಜಿ ನಕ್ಕಳು. "ಸುಂದರಾ ಅಂತ? ನೋಡಾಕ ಹಂಗೇನ ಇಲ್ಲಲ್ಲ!") ಇವೆರಡನ್ನೂ ತೂಗಿ ನೋಡಲು ಎಕ್ಸೆಲ್ ಶೀಟೊಂದನ್ನು ಮಾಡಿಕೊಂಡಿದ್ದೆ. ಬೆಲೆ, ತೂಕ, ಇಂಪಿಡೆನ್ಸ್, ಹೀಗೆ ಹನ್ನೊಂದು ಕಾಲಮ್. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ :)

ಮನೆಯಲ್ಲಿ ಎಂಬತ್ತಾರು ದಾಟಿದ ಅಜ್ಜ ಇದ್ದಾನೆ. ಕಿವಿ ಮಂದ. ಟಿವಿ ಹಚ್ಚಿದರೆ ಓಣಿಯ ಕೊನೆಯ ಮನೆಗೂ ವಾರ್ತೆ ಮುಟ್ಟುತ್ತದೆ. ಅಪ್ಪ ಸಣ್ಣ ಮಾಡುತ್ತಾನೆ, ಅಜ್ಜ ಎದ್ದು ಹೋಗುತ್ತಾನೆ, ದಿನಾ ಇದೇ. ಕಿವಿಯ ಮಷೀನು ಕೊಡಿಸಿ ಎರಡು ವರ್ಷವಾಯಿತು, ಡಬ್ಬಿಯಲ್ಲೇ ಇದೆ. "ಹಾಕ್ಕೊಂಡ್ರ ಊರಿನ ಗದ್ದಲೆಲ್ಲಾ ತಲಿಯೊಳಗ ಬರ್ತೈತಿ" ಅನ್ನುತ್ತಾನೆ. ಹಾಗಾಗಿ ನಾಲ್ಕೈದು ವರ್ಷದಿಂದ ಅಜ್ಜ ಹಾಡು ಕೇಳುವುದನ್ನೇ ಬಿಟ್ಟಿದ್ದಾನೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ಅಜ್ಜ ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ. ಹುಕ್ಕೇರಿ ಸುತ್ತಲಿನ ಹಳ್ಳಿಗಳಿಗೆ ಕರೆಂಟು ಹಂಚುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ದೇಶದಲ್ಲಿ ಮೊದಲು ಸ್ಥಾಪನೆಯಾದ ಅಂಥ ಐದು ಸಂಘಗಳಲ್ಲಿ ನಮ್ಮದೂ ಒಂದು ಅನ್ನುವುದು ನಮ್ಮ ತಾಲೂಕಿನವರಿಗೆ ಹೆಮ್ಮೆಯ ಮಾತು. ಅದಕ್ಕೂ ಮುಂಚೆ ಹಳ್ಳಿಯಲ್ಲಿ ರೇಡಿಯೋ ಅಂದರೆ ಇಟ್ಟಿಗೆಯಂಥ ಬ್ಯಾಟರಿ ಮೇಲೆ ನಡೆಯುವ ವಾಲ್ವ್ ಸೆಟ್ಟು. ಅಜ್ಜನ ಹಳ್ಳಿಯಲ್ಲಿ ಅಂಥದ್ದು ಇದ್ದದ್ದು ಗೌಡರ ಮನೆಯಲ್ಲೊಂದೇ. ಸಂಜೆ ಅದನ್ನು ತಂದು ಕಟ್ಟೆಯ ಮೇಲೆ ಇಡುತ್ತಿದ್ದರಂತೆ. ಮುಂದೆ ಹಿರಿಯರು, ಹಿಂದೆ ಹುಡುಗರು, ಬಾಗಿಲ ಮರೆಯಲ್ಲಿ ಹೆಂಗಸರು. ಹುಕ್ಕೇರಿ ಬಾಳಪ್ಪನವರ ಹಾಡು ಬಂದರೆ ಯಾರೂ ಕೆಮ್ಮುತ್ತಲೂ ಇರಲಿಲ್ಲವಂತೆ. ಸಾವಿರ ಹಾಡಿನ ಸರದಾರ ಅಂತ ಹೆಸರಾದ ಬಾಳಪ್ಪನವರ ಊರು ಮುರಗೋಡ. ಅಡ್ಡಹೆಸರು ಮಾತ್ರ ಹುಕ್ಕೇರಿ. ನಮ್ಮೂರವರಿಗೆ ಅಷ್ಟೇ ಸಾಕು ಬಿಡಿ, ಅವರು ನಮ್ಮವರೇ!

ರೇಡಿಯೋ ಒಬ್ಬರದು, ಕೇಳುವವರು ಊರೆಲ್ಲ. ಅಜ್ಜ ಇದನ್ನು ಹೇಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹೆಡ್‌ಫೋನಿನ ಕಥೆ. ಅದು ಸರಿಯಾಗಿ ಇದರ ಉಲ್ಟಾ.

1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಮನೆಯ ಅಡುಗೆಮನೆಯಲ್ಲಿ ಕೂತು ಮಾಡಿದ ಹೆಡ್‌ಫೋನನ್ನು ನೌಕಾಪಡೆಗೆ ಕಳಿಸಿದ. ಪರೀಕ್ಷಿಸಿ ನೋಡಿದವರು ಬೆರಗಾಗಿ ನೂರು ಬೇಕು ಅಂದರು. ಅಡುಗೆಮನೆಯ ಕಾರ್ಖಾನೆ ತಾನೇ, ಆತ ಒಂದು ಸಲಕ್ಕೆ ಹತ್ತಷ್ಟೇ ಕೊಡಬಲ್ಲೆ ಅಂದ. ಅದು ಸಂಗೀತಕ್ಕೆ ಮಾಡಿದ್ದಲ್ಲ. ಸಮುದ್ರದ ಮೇಲೆ ಕ್ಷೀಣವಾಗಿ ಬರುವ ನಿಸ್ತಂತು ಸಂಕೇತವನ್ನು ಒಬ್ಬ ನಾವಿಕ ಗದ್ದಲದ ನಡುವೆ ಹಿಡಿಯಬೇಕಿತ್ತು, ಅದಕ್ಕೆ. ಮುಂದೆ ಮನೆಮನೆಗೆ ಕ್ರಿಸ್ಟಲ್ ರೇಡಿಯೋ ಬಂದಾಗ ಅದರಲ್ಲಿ ಸ್ಪೀಕರ್ ನಡೆಸುವಷ್ಟು ಶಕ್ತಿ ಇರಲಿಲ್ಲ, ಹೆಡ್‌ಫೋನೇ ಗತಿ. ಆಗ ಜನ ಏನು ಮಾಡುತ್ತಿದ್ದರು ಗೊತ್ತೇ? ಹೆಡ್‌ಫೋನನ್ನು ಪಿಂಗಾಣಿ ಬೋಗುಣಿಯಲ್ಲಿಟ್ಟು ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಿದ್ದರು! ಒಬ್ಬರಿಗಾಗಿ ಮಾಡಿದ ವಸ್ತುವನ್ನು ಜನ ಕಟ್ಟೆ ರೇಡಿಯೋ ಮಾಡಿಕೊಂಡಿದ್ದರು.

ಸಂಗೀತ ಕೇಳಲೆಂದೇ ಹೆಡ್‌ಫೋನ್ ಜನಪ್ರಿಯವಾದದ್ದು 1958ರ ನಂತರ. ಮಿಲ್ವಾಕಿಯ ಜಾನ್ ಕಾಸ್ ಒಂದು ಸ್ಟೀರಿಯೋ ರೆಕಾರ್ಡ್ ಪ್ಲೇಯರ್ ಮಾರಲು ಹೊರಟು, ಅದರ ಜೊತೆಗೆ ಹೆಡ್‌ಫೋನನ್ನೂ ಇಟ್ಟಿದ್ದ. ಜನ ಪ್ಲೇಯರ್ ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು. ಅದು ಕಿವಿ ಪೂರ್ತಿ ಮುಚ್ಚುವಂಥದ್ದು. 1968ರಲ್ಲಿ ಸೆನ್‌ಹೈಸರ್‌ನ ಎಚ್‌ಡಿ 414 ಬಂತು, ಮೊದಲ ಓಪನ್ ಹೆಡ್‌ಫೋನ್. ಹಳದಿ ಸ್ಪಂಜು, ಹಗುರ. ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ನನ್ನ ಎಚ್‌ಡಿ 650 ಅದರ ವಂಶದ್ದೇ. 1976ರಲ್ಲಿ ಯಮಾಹಾದ ಎಚ್‌ಪಿ-1 ಬಂತು. ಕೋನಿನ ಬದಲು ಅಯಸ್ಕಾಂತಗಳ ನಡುವೆ ತೆಳ್ಳನೆಯ ಹಾಳೆ. ಆ ಹಾಳೆಯ ಮೇಲೇ ತಂತಿಯ ಗೆರೆ. ಹಾಳೆ ಪೂರ್ತಿ ಒಟ್ಟಿಗೆ ಅಲುಗುತ್ತದೆ. ಇವತ್ತಿನ ಪ್ಲಾನರ್‌ಗಳು ನಡೆಯುವುದೂ ಇದೇ ತತ್ವದ ಮೇಲೆ, ಸುಂದರಾ ಕೂಡ.

ಆಮೇಲೆ 1979ರ ಜುಲೈ 1. ಸೋನಿ ವಾಕ್‌ಮನ್. ಒಬ್ಬರೇ ಕೇಳುವ ಕಾಲ ಶುರುವಾದದ್ದು ಅಲ್ಲಿಂದ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಆ ಮೊದಲ ವಾಕ್‌ಮನ್‌ಗೆ ಹೆಡ್‌ಫೋನ್ ಚುಚ್ಚಲು ಎರಡು ತೂತು ಇದ್ದವು. ಒಬ್ಬರೇ ಕಿವಿಗೆ ಹಾಕಿಕೊಂಡು ಕೂತರೆ ಜೊತೆಗಿದ್ದವರಿಗೆ ಅಗೌರವ ಅನ್ನಿಸಿತ್ತು, ಸೋನಿಯ ಮೊರಿಟಾಗೆ. ಅದಕ್ಕೇ ಎರಡನೇ ತೂತು. ಜೊತೆಗೊಂದು ಕಿತ್ತಳೆ ಗುಂಡಿ. ಒತ್ತಿದರೆ ಹಾಡು ಸಣ್ಣಗಾಗಿ ಮೈಕ್ ತೆರೆದುಕೊಳ್ಳುತ್ತಿತ್ತು, ಇಬ್ಬರೂ ಹೆಡ್‌ಫೋನ್ ತೆಗೆಯದೇ ಮಾತಾಡಬಹುದಿತ್ತು. ಕೊಂಡವರು ಮಾತ್ರ ವಾಕ್‌ಮನ್ ಅಂದರೆ ನನ್ನದು, ನನ್ನೊಬ್ಬನದು ಅಂದುಕೊಂಡರು. ಮುಂದಿನ ಮಾದರಿಗಳಲ್ಲಿ ಆ ಎರಡನೇ ತೂತು ಮಾಯವಾಯಿತು.

ಎರಡನೇ ಹೆಡ್‌ಫೋನ್ ಅಂದರೆ ಇತಿಹಾಸದಲ್ಲಿ ಮೊದಲು ಎರಡನೇ ಮನುಷ್ಯನಿಗೆ ಅಂತಲೇ ಇತ್ತು ಎಂಬುದು ನನಗೆ ಹೊಳೆದದ್ದು ಆಗ. ನನ್ನ ಹನ್ನೊಂದು ಕಾಲಮ್ಮಿನಲ್ಲಿ "ಕೇಳುವವರು ಯಾರು" ಎಂಬ ಕಾಲಮ್ಮೇ ಇರಲಿಲ್ಲ.

ಮರುದಿನ ಪಡಸಾಲೆಯಲ್ಲಿ ಲ್ಯಾಪ್‌ಟಾಪು, ಸಣ್ಣ ಆಂಪ್ಲಿಫಯರು, ಒಂದು ತೂತನ್ನು ಎರಡು ಮಾಡುವ ವೈರು ಜೋಡಿಸಿ ಅಜ್ಜನನ್ನು ಕೂರಿಸಿದೆ. ಅಜ್ಜ ಗಾಂಧಿ ಟೊಪ್ಪಿಗೆ ತೆಗೆಯಲು ಒಪ್ಪಲಿಲ್ಲ. ಟೊಪ್ಪಿಗೆಯ ಮೇಲೇ ಹೆಡ್‌ಫೋನ್ ಬಂತು.

ಮೊದಲು ಕ್ಲೋಸ್ಡ್. ನನ್ನ ಶೀಟಿನಲ್ಲಿ ಅದಕ್ಕೇ ಹೆಚ್ಚು ಅಂಕ. ಎರಡು ನಿಮಿಷಕ್ಕೆ ಅಜ್ಜ ಕಿತ್ತು ಕೈಗೆ ಕೊಟ್ಟ. "ಬಾವ್ಯಾಗ ಇಳಿಸಿ ಮ್ಯಾಲ ಬಂಡಿ ಮುಚ್ಚಿದಂಗ ಆಕ್ಕೈತಿ." ತಪ್ಪು ಆ ಹೆಡ್‌ಫೋನಿನದಲ್ಲ, ಹೊರಗಿನದನ್ನು ಮುಚ್ಚುವುದೇ ಅದರ ಕೆಲಸ. ಆದರೆ ಮೊದಲೇ ಅರ್ಧ ಜಗತ್ತು ಕೇಳದವನಿಗೆ ಉಳಿದರ್ಧವನ್ನೂ ಮುಚ್ಚಿದರೆ ಹೇಗಾಗಬೇಡ?

ಆಮೇಲೆ ಸುಂದರಾ. ನನ್ನ ಕಿವಿಯಲ್ಲಿ ಎಚ್‌ಡಿ 650, ಅಜ್ಜನ ಕಿವಿಯಲ್ಲಿ ಇದು. ಹೀಗೆ ಎರಡನ್ನು ಒಂದೇ ವೈರಿಗೆ ಸೇರಿಸುವುದು ತಿಳಿದವರ ಪ್ರಕಾರ ತಪ್ಪು. ನನ್ನದು 300 ಓಮ್, ಅದು 37 ಓಮ್. ಎರಡಕ್ಕೂ ಒಂದೇ ವೋಲ್ಟೇಜ್ ಹೋಗುತ್ತದೆ, ಆದರೆ ಕಂಪನಿಗಳ ಲೆಕ್ಕದ ಪ್ರಕಾರ ಸುಂದರಾ ಸುಮಾರು 5 ಡೆಸಿಬೆಲ್ ಜೋರಾಗಿ ಹಾಡುತ್ತದೆ. ಶೀಟಿನಲ್ಲಿ ಈ ಸಾಲಿಗೆ ಕೆಂಪು ಬಣ್ಣ ಹಚ್ಚಿದ್ದೆ. ಈಗ ನೋಡಿದರೆ ನಮಗೆ ಬೇಕಾದದ್ದೇ ಅದು! ನನಗೆ ಹಿತವಾಗಿದ್ದಾಗ ಅಜ್ಜನಿಗೆ ಅಷ್ಟು ಜೋರು ಬೇಕು. (ಜೋರು ಅಂದರೆ ಮಿತಿಯಲ್ಲಿ. ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಉಳಿದಿರುವ ಕಿವಿಯನ್ನೂ ಕಳೆಯುವುದು ಬೇಡ ನೋಡಿ.)

ಹಾಕಿದ್ದು ಗಂಗೂಬಾಯಿ ಹಾನಗಲ್ಲರ ಹಳೆಯ ರೆಕಾರ್ಡು. 1930ರ ದಶಕದ ಶುರುವಿನಲ್ಲಿ ಎಚ್‌ಎಂವಿ ಅವರನ್ನು "ಗಾಂಧಾರಿ" ಎಂಬ ಹೆಸರಿನಲ್ಲಿ ಮುದ್ರಿಸಿತ್ತು. ನಾವೆಲ್ಲ ಬಲ್ಲ ಆ ಗಡಸು, ಗಂಡುದನಿ ಅಲ್ಲ. ಗಂಟಲ ಚಿಕಿತ್ಸೆಗೂ ಮುಂಚಿನ ತೆಳು, ಎತ್ತರದ ದನಿ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ನನ್ನ ದುಬಾರಿ ಹೆಡ್‌ಫೋನಿನಲ್ಲಿ ಅದು ಕೇಳಿಸುವುದೇ ಮುಳ್ಳಿನ ಸಪ್ಪಳದ ಸಮೇತ. ಬಾಣಲೆಯಲ್ಲಿ ಹಪ್ಪಳ ಕರಿದಂತೆ. ಅಜ್ಜನಿಗೆ ಆ ಸಪ್ಪಳ ಬಹುತೇಕ ಕೇಳಲೇ ಇಲ್ಲ. ಬರೀ ದನಿ.

ಕಾರಣ ಸರಳ. ಆ ಕಾಲದ 78 ಆರ್‌ಪಿಎಂ ರೆಕಾರ್ಡಿನಲ್ಲಿ ಹಾಡಿನ ಅಂಶ ಇರುವುದು ಸುಮಾರು ಐದಾರು ಸಾವಿರ ಹರ್ಟ್ಜ್‌ವರೆಗೆ ಮಾತ್ರ. ಅದರ ಮೇಲೆ ಇರುವುದು ಹೆಚ್ಚಾಗಿ ಗೊರಗೊರ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಭಾಗವನ್ನೇ. ಇವತ್ತಿನ ರೆಕಾರ್ಡಿಂಗ್ ಹಾಕಿದರೆ ಅಜ್ಜನಿಗೆ ಅರ್ಧ ತಪ್ಪಿಹೋಗುತ್ತದೆ. ಈ ಹಳೆಯ ರೆಕಾರ್ಡಿನಲ್ಲಿ ತಪ್ಪಿಹೋಗುವಂಥದ್ದು ಕಡಿಮೆ. ಹಳೆಯ ರೆಕಾರ್ಡು, ಹಳೆಯ ಕಿವಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಆ ಮೂರು ನಿಮಿಷ ನಾನೂ ಅಜ್ಜನೂ ಸರಿಸಮ. ಕೇಳಿದರೆ ಅವನಿಗೇ ಒಂದು ಕೈ ಹೆಚ್ಚು, ಹಪ್ಪಳ ನನ್ನ ಪಾಲಿಗೆ!

ಆಮೇಲೆ ಕುಮಾರ ಗಂಧರ್ವ. 1924ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯದೇ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ. ಕ್ಷಯ ಬಂದು ವರ್ಷಗಟ್ಟಲೆ ಹಾಡು ಬಿಟ್ಟು, ದೇವಾಸದಲ್ಲಿ ಹಾಸಿಗೆ ಹಿಡಿದು, ಒಂದೇ ಶ್ವಾಸಕೋಶದ ಬಲದ ಮೇಲೆ ಮತ್ತೆ ಎದ್ದು ಹಾಡಿದವರು. ಅವರ ಹಾಡಿಕೆಯ ತುಂಡುತುಂಡು ನುಡಿ, ನಡುವಿನ ಬಿಡುವು ಆ ಉಸಿರಿನ ಲೆಕ್ಕದ್ದು. ಅಜ್ಜ ಕಣ್ಣು ಮುಚ್ಚಿದ್ದ. ಒಂದು ಬಿಡುವಿನಲ್ಲಿ ಕೈ ಎತ್ತಿ ಅಂದ: "ಉಸರ ತಗೊಂಡ, ಕೇಳಿದೇನ?"

ಕೇಳಿದ್ದೆ. ಅದನ್ನು ಕೇಳಿಸಬಲ್ಲದು ಎಂದೇ ಅಲ್ಲವೇ ಇಷ್ಟು ದುಡ್ಡು ಸುರಿಯುವುದು? ಆದರೆ ಇನ್ನೊಬ್ಬರು ಅದೇ ಕ್ಷಣ ಅದೇ ಉಸಿರನ್ನು ಕೇಳಿ ನನ್ನ ಕಡೆ ತಿರುಗಿದ್ದು ಇದೇ ಮೊದಲು.

ಅಷ್ಟರಲ್ಲಿ ಅಜ್ಜಿ ಒಳಗಿಂದ ಚಹಾಕ್ಕೆ ಕೂಗಿದಳು. ಅಜ್ಜ ಹೆಡ್‌ಫೋನ್ ತೆಗೆಯದೇ "ಬಂದ್ಯಾ" ಅಂದ. ಓಪನ್ ಅಲ್ಲವೇ! ನನ್ನ ಶೀಟಿನಲ್ಲಿ "ಹೊರಗಿನ ಸದ್ದು ಒಳಬರುತ್ತದೆ" ಅನ್ನುವುದಕ್ಕೂ ಕಡಿಮೆ ಅಂಕವೇ ಇತ್ತು.

ಎಲ್ಲವೂ ಸರಿ ಅಂತಲ್ಲ. ಸುಂದರಾ ತೂಕ 372 ಗ್ರಾಮ್, ನನ್ನದಕ್ಕಿಂತ ನೂರು ಗ್ರಾಮಿಗೂ ಹೆಚ್ಚು. ಅರ್ಧ ಗಂಟೆಗೆ ಅಜ್ಜನ ಕುತ್ತಿಗೆ ಸೋಲುತ್ತದೆ. ಕಿವಿಯ ಮಷೀನಿನ ಕೆಲಸವನ್ನೂ ಇದು ಮಾಡುವುದಿಲ್ಲ. ಆ ಡಬ್ಬಿ ತೆಗೆಸಿ ಮತ್ತೆ ಡಾಕ್ಟರ ಹತ್ತಿರ ಹೋಗಿ ಸರಿಯಾಗಿ ಕೂಡಿಸಿಕೊಂಡು ಬರಲು ಅಜ್ಜನನ್ನು ಒಪ್ಪಿಸಿದ್ದೇವೆ. ಅರ್ಧ ಗಂಟೆ ಹಾಡು, ಉಳಿದ ಹೊತ್ತಿಗೆ ಮಷೀನು ಅಂತ ಕರಾರು.

ಬೆಂಗಳೂರಿಗೆ ಬಂದು ಹೊಸದೊಂದು ಸುಂದರಾ ಕೊಂಡು ಊರಿಗೆ ಕಳಿಸಿದೆ, ಆ ಸಣ್ಣ ಆಂಪ್ಲಿಫಯರಿನ ಜೊತೆ. ಗೆಳೆಯ ನಕ್ಕ. "ಎರಡನೇದು ಕೊಂಡೆ ಅಂತೀಯ, ನಿನ್ನ ಹತ್ರ ಇರೋದು ಒಂದೇ ಅಲ್ವೋ" ಅಂದ. ನಿಮ್ಮಲ್ಲೂ ಯಾರಾದರೂ ಎರಡನೇ ಜೋಡಿ ಹುಡುಕುತ್ತಿದ್ದರೆ ಇಷ್ಟೇ ಹೇಳುತ್ತೇನೆ: ಓಪನ್ನೋ ಕ್ಲೋಸ್ಡೋ ಅನ್ನುವುದಕ್ಕೂ ಮುಂಚೆ ಯಾರ ಕಿವಿಗೆ ಅಂತ ಕೇಳಿಕೊಳ್ಳಿ. ಉತ್ತರ "ನನಗೇ" ಅಂತಲೇ ಬಂದರೂ ತಪ್ಪಿಲ್ಲ, ಶೀಟ್ ಬೇಕಿದ್ದರೆ ಕಳಿಸುತ್ತೇನೆ.

ಮೊನ್ನೆ ಫೋನಿನಲ್ಲಿ ಅಜ್ಜ ಕೇಳಿದ, ದೀಪಾವಳಿಗೆ ಬರ್ತೀಯೇನು ಅಂತ. ಬರ್ತೇನೆ, ಏನು ತರಲಿ ಅಂದೆ.

"ಏನೂ ಬ್ಯಾಡ. ನಿಂದೊಂದ ತಗೊಂಡ ಬಾ. ಒಬ್ಬನ ಕೇಳಾಕ ಬ್ಯಾಸರ ಬರ್ತೈತಿ."