ಹಲ್ಲಿನ ಅಚ್ಚೂ ವಸಡಿನ ದಾರವೂ

ಹುಳುಕು ಹಲ್ಲನ್ನು ಕಿತ್ತೇ ತೀರಬೇಕು ಎಂಬ ಕಾಲವೊಂದಿತ್ತು. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಲವಂಗದೆಣ್ಣೆಯ ಹತ್ತಿಯಿಂದ ನೋವನ್ನು ಸಹಿಸಿ, ಕೊನೆಗೆ ಹಲ್ಲನ್ನೇ ಕಳೆದುಕೊಂಡವರು. ಇಂದು ನಮ್ಮ ಮನೆಗಳಲ್ಲಿ ‘ಕ್ಯಾಪ್ ಹಾಕಿಸುವುದು’ ಸಾಮಾನ್ಯ ಮಾತಾಗಿದೆ. ಆದರೆ ಆ ಕ್ಯಾಪಿನ ಆಯುಸ್ಸು ಎಷ್ಟೋ ಸಲ ಅಚ್ಚು ತೆಗೆಯುವ ದಿನ ವಸಡಿನ ಅಂಚಿನಲ್ಲಿಡುವ ಒಂದು ದಾರವನ್ನು ಅವಲಂಬಿಸಿರುತ್ತದೆ ಎಂಬುದನ್ನು ಬಲ್ಲವರು ವಿರಳ. ಆ ದಾರದ ಇತಿಹಾಸವನ್ನು ಇಲ್ಲಿ ಹೇಳಹೊರಟಿದ್ದೇವೆ.

ವಿಕ್ರೋಳಿಯ ಪಿರೋಜ್‌ಶಾ ನಗರದಲ್ಲೂ ಸುತ್ತಣ ಕಾರ್ಖಾನೆಗಳಲ್ಲೂ ದುಡಿದವರಿಗೆ ಅಚ್ಚಿನ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಚ್ಚಿನಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಎರಕದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹಲ್ಲಿನ ಕೆಲಸವೂ ಹಾಗೆಯೇ. ವೈದ್ಯರು ಹಲ್ಲನ್ನು ಸುತ್ತಲೂ ಸವೆಸಿದ ಮೇಲೆ, ಕ್ಯಾಪ್ ಬಂದು ಕೂರಬೇಕಾದ ಅಂಚು ಹಲವು ವೇಳೆ ವಸಡಿನ ಕೆಳಗೆ ಅಡಗಿರುತ್ತದೆ. ಹಲ್ಲಿಗೂ ವಸಡಿಗೂ ನಡುವಣ ಸಂದಿ ಬಹು ಕಿರಿದು. ಅಚ್ಚಿನ ದ್ರವ್ಯ ಅಲ್ಲಿಗಿಳಿದು, ಹರಿಯದೆ ಹೊರಬರಬೇಕಾದರೆ ಸುಮಾರು 0.2 ಮಿಲಿಮೀಟರ್ ಎಡೆಯಾದರೂ ಬೇಕು. ರಕ್ತವೋ ಜೊಲ್ಲೋ ಸೇರಿತೆಂದರೆ ಅಚ್ಚು ಕೆಟ್ಟಿತು. ಅಂಚು ಸರಿಯಾಗಿ ಮೂಡದಿದ್ದರೆ ಕ್ಯಾಪಿನ ಬುಡದಲ್ಲಿ ಬಿರುಕುಳಿದು, ಹೊರಗೆ ಹೊಳೆಯುವ ಕ್ಯಾಪಿನ ಒಳಗೇ ಹಲ್ಲು ಕೊಳೆಯುತ್ತದೆ. ಆದ್ದರಿಂದ ವಸಡನ್ನು ಕೆಲವು ನಿಮಿಷ ನೋಯಿಸದೆ ಪಕ್ಕಕ್ಕೆ ಸರಿಸುವುದು ಅಗತ್ಯ.

ಮೊದಮೊದಲು ಈ ಕೆಲಸ ಬಲಾತ್ಕಾರದಿಂದಲೇ ನಡೆಯುತ್ತಿತ್ತು. 1850ರ ದಶಕದಲ್ಲಿ ಇಂಗ್ಲೆಂಡಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್, ಬಿಸಿಮಾಡಿದರೆ ಮೆತ್ತಗಾಗುವ ಒಂದು ಅಚ್ಚಿನ ದ್ರವ್ಯವನ್ನು ಬಳಕೆಗೆ ತಂದರು. ಹೃದ್ರೋಗಿಗಳ ರಕ್ತನಾಳದಲ್ಲಿಡುವ ‘ಸ್ಟೆಂಟ್’ಗೆ ಹೆಸರು ಬಂದದ್ದು ಇವರಿಂದಲೇ ಎಂಬುದು ಹಲವರ ಅಭಿಪ್ರಾಯ. ನಮ್ಮ ಕಂಚುಗಾರರು ಶತಮಾನಗಳಿಂದ ವಿಗ್ರಹಗಳಿಗೆ ಬಳಸುತ್ತ ಬಂದ ಮೇಣದ ಎರಕದ ವಿಧಾನವನ್ನು 1907ರಲ್ಲಿ ಅಮೆರಿಕದ ವಿಲಿಯಂ ಟ್ಯಾಗರ್ಟ್ ಹಲ್ಲಿನ ಚಿನ್ನದ ಕೆಲಸದಲ್ಲಿ ಪ್ರಚಾರಕ್ಕೆ ತಂದರು. ಎರಕ ನಿಖರವಾದಷ್ಟೂ ಅಚ್ಚೂ ನಿಖರವಾಗಬೇಕಾಯಿತು. ತಾಮ್ರದ ಬಳೆಯೊಂದನ್ನು ಹಲ್ಲಿಗೆ ತೊಡಿಸಿ, ಅದರಲ್ಲಿ ಈ ಬಿಸಿ ದ್ರವ್ಯವನ್ನು ತುಂಬಿ, ವಸಡಿನೊಳಗೆ ಒತ್ತುತ್ತಿದ್ದರು. ಕೈ ಸ್ವಲ್ಪ ಮೀರಿದರೆ ತಾಮ್ರದ ಅಂಚು ವಸಡನ್ನು ಕೊಯ್ಯುತ್ತಿತ್ತು.

1925ರಲ್ಲಿ ವಿಯೆನ್ನಾದ ಆಲ್ಫೊನ್ಸ್ ಪೊಲ್ಲರ್ ಕಡಲಪಾಚಿಯಿಂದ ಬರುವ ಅಗರ್ ಅನ್ನು ಅಚ್ಚಿಗೆ ಬಳಸಿದರು. 1937ರಲ್ಲಿ ಸಿಯರ್ಸ್ ಎಂಬವರು ಅದನ್ನು ಕ್ಯಾಪ್, ಬ್ರಿಜ್‌ಗಳ ಕೆಲಸಕ್ಕೆ ಅಳವಡಿಸಿದರು. 1950ರ ದಶಕದಲ್ಲಿ ರಬ್ಬರಿನಂಥ ದ್ರವ್ಯಗಳೂ ಬಂದವು. ಇವೆಲ್ಲ ಮೃದು, ತಾವಾಗಿ ವಸಡನ್ನು ತಳ್ಳಲಾರವು. ಹೀಗಾಗಿ ದಾರಿ ಬಿಡಿಸಿಕೊಡುವ ಬೇರೊಂದು ಸಾಧನ ಅನಿವಾರ್ಯವಾಯಿತು. ಅದೇ ಹತ್ತಿಯ ದಾರ! ಗಿರಣಿಗಳ ನೂಲಿನಿಂದ ಬೆಳೆದ ಮುಂಬಯಿಯವರಿಗೆ ಈ ಸಂಗತಿ ಹಿತವೆನಿಸೀತು.

ದಾರ ವಸಡನ್ನು ಸರಿಸುತ್ತದೆ. ರಕ್ತ ಜಿನುಗದಂತೆ ಮಾಡಲು ಅದಕ್ಕೆ ಔಷಧ ಬೇಕು. ಹಿಂದೆ ಬಳಸಿದ ಸತುವಿನ ಕ್ಲೋರೈಡ್ ವಸಡನ್ನೇ ಸುಡುತ್ತಿದ್ದುದರಿಂದ ಮೂಲೆಗೆ ಸರಿಯಿತು. ಅಡ್ರಿನಲಿನ್ ರಕ್ತನಾಳಗಳನ್ನು ಚೆನ್ನಾಗಿ ಕುಗ್ಗಿಸುತ್ತದೆ, ನಿಜ. ಆದರೆ ಗಾಯವಾದ ವಸಡಿನಿಂದ ಅದು ರಕ್ತಕ್ಕೆ ಸೇರಿದರೆ ಎದೆಬಡಿತವೂ ರಕ್ತದೊತ್ತಡವೂ ಏರಬಹುದು. ಆದ್ದರಿಂದ ಅಲ್ಯೂಮಿನಿಯಂ ಕ್ಲೋರೈಡಿನಂಥ ಲವಣಗಳ ಕಡೆಗೆ ವೈದ್ಯರು ಹೆಚ್ಚು ಒಲಿದರು. ಕ್ಷೌರದಂಗಡಿಯ ಪಟಿಕ, ಮರಾಠಿಗರ ತುರಟಿ, ಇದೇ ಬಳಗದ್ದು; ಅದೂ ಈ ಕೆಲಸಕ್ಕೆ ಬಂದಿದೆ. ತೆಳ್ಳನೆಯ ದಾರವೊಂದನ್ನು ಕೆಳಗೂ ದಪ್ಪನೆಯದನ್ನು ಮೇಲೂ ಇಟ್ಟು, ಅಚ್ಚಿನ ವೇಳೆ ಮೇಲಿನದನ್ನಷ್ಟೇ ತೆಗೆಯುವ ಪದ್ಧತಿಯೂ ಉಂಟು. ದಾರ ಹೊರಬಂದ ನಿಮಿಷದೊಳಗೇ ಸಂದಿ ಮುಚ್ಚತೊಡಗುವುದರಿಂದ ವೈದ್ಯರ ಕೈ ಚುರುಕಾಗಿರಬೇಕು.

ಮುಂದೆ ವಿದ್ಯುತ್ತಿನಿಂದ ವಸಡಿನಂಚನ್ನು ಕತ್ತರಿಸುವ ಉಪಕರಣ, ಲೇಸರ್, ದಾರದ ಬದಲು ಸಂದಿಯಲ್ಲಿ ತುಂಬುವ ಪೇಸ್ಟ್ ಇವೆಲ್ಲ ಬಂದವು. ಈಗ ಬಾಯೊಳಗೆ ಕ್ಯಾಮೆರಾ ಆಡಿಸಿ ಕಂಪ್ಯೂಟರಿನಲ್ಲೇ ಅಚ್ಚು ಪಡೆಯುತ್ತಾರೆ. ಆದರೆ ವಸಡಿನ ಮರೆಯಲ್ಲಿರುವುದನ್ನು ಕ್ಯಾಮೆರಾವೂ ಕಾಣದು. ಅದಕ್ಕಾಗಿ ಹೊಸ ಯಂತ್ರದ ಪಕ್ಕದಲ್ಲೂ ಹಳೆಯ ದಾರ ಉಳಿದುಕೊಂಡಿದೆ.

ಈ ವಿದ್ಯೆಯನ್ನು ಕಲಿಸುವ ಕೇಂದ್ರಗಳು ನಮಗೆ ದೂರದವಲ್ಲ. ಮುಂಬಯಿಯ ನಾಯರ್ ಆಸ್ಪತ್ರೆಯ ದಂತವೈದ್ಯಕೀಯ ಕಾಲೇಜು 1933ರಲ್ಲಿ, ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. 1948ರ ದಂತವೈದ್ಯರ ಕಾಯಿದೆ ಈ ವೃತ್ತಿಗೆ ನೋಂದಣಿಯ ಶಿಸ್ತನ್ನು ತಂದಿತು.

ಇಷ್ಟೆಲ್ಲ ಇದ್ದರೂ ಅವಸರವೇ ನಮ್ಮ ಶತ್ರು. ಎಂಟೂ ಇಪ್ಪತ್ತರ ಲೋಕಲ್ ಹಿಡಿಯಬೇಕು, ರಜೆ ಸಿಗದು, ‘ಬೇಗ ಮುಗಿಸಿ ಡಾಕ್ಟ್ರೇ’ ಎನ್ನುತ್ತೇವೆ. ಊದಿಕೊಂಡು ರಕ್ತ ಸುರಿಸುವ ವಸಡಿನ ಮೇಲೆ ಒಳ್ಳೆಯ ಅಚ್ಚು ಮೂಡದು. ಮೊದಲು ವಸಡು ಗುಣವಾಗಲಿ ಎಂದು ವೈದ್ಯರು ಹೇಳಿದರೆ ಕಾಯೋಣ. ರಕ್ತದೊತ್ತಡ, ಹೃದ್ರೋಗ, ಥೈರಾಯ್ಡ್ ತೊಂದರೆ ಇದ್ದವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಕುರ್ಚಿಯಲ್ಲಿ ಕೂರುವ ಮುನ್ನವೇ ತಿಳಿಸಬೇಕು. ದಾರದ ಔಷಧವನ್ನೂ ಉಪಕರಣವನ್ನೂ ವೈದ್ಯರು ಆರಿಸುವುದು ಅದನ್ನು ನೋಡಿಯೇ. ಕಷ್ಟಪಟ್ಟು ದುಡಿದ ಹಣದಿಂದ ಹಾಕಿಸಿದ ಕ್ಯಾಪ್ ಬಹುಕಾಲ ಬಾಳಬೇಕೆಂದರೆ, ಆ ದಾರ ತನ್ನ ಕೆಲಸ ಮಾಡುವಷ್ಟು ಹೊತ್ತು ನಾವೂ ಬಾಯಿ ತೆರೆದು ಸುಮ್ಮನಿರುವುದು ಲೇಸು.