ಎಳೆ ಎಣಿಸಿದ ಕಲೆ: ಚರಿತ್ರೆಯ ಆಕರವಾಗಿ ಉತ್ತರ ಕರ್ನಾಟಕದ ಕಸೂತಿ

ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ರೂಪಿಸುವಲ್ಲಿ ಶಾಸನ, ಸಾಹಿತ್ಯ, ಶಿಲ್ಪ ಮತ್ತು ನಾಣ್ಯಗಳು ಪ್ರಧಾನ ಆಕರಗಳಾಗಿ ಬಳಕೆಯಾಗುತ್ತ ಬಂದಿವೆ. ಇವುಗಳಿಗೆ ಒಂದು ಸಮಾನ ಗುಣವಿದೆ. ಇವೆಲ್ಲವೂ ಬಾಳಿಕೆಯುಳ್ಳ ವಸ್ತುಗಳ ಮೇಲೆ ಮೂಡಿದವು ಅಥವಾ ಬಾಳಬೇಕೆಂಬ ಉದ್ದೇಶದಿಂದ ಪ್ರತಿಯಾಗುತ್ತ ಬಂದವು. ಬಟ್ಟೆಗೆ ಈ ಭಾಗ್ಯವಿಲ್ಲ. ಅದು ಉಡುವುದರಿಂದ ಸವೆಯುತ್ತದೆ, ಒಗೆಯುವುದರಿಂದ ಮಾಸುತ್ತದೆ, ಕಡೆಗೆ ಕೌದಿಯ ಪದರವಾಗಿ ಕಣ್ಮರೆಯಾಗುತ್ತದೆ. ಆದ್ದರಿಂದ ಬಟ್ಟೆಯ ಮೇಲೆ ಹೆಣ್ಣುಮಕ್ಕಳು ಬರೆದ ಚರಿತ್ರೆ ನಮ್ಮ ಗ್ರಂಥಗಳಲ್ಲಿ ಅಲಂಕಾರದ ಅಧ್ಯಾಯವಾಗಿ ಮಾತ್ರ ಉಳಿದಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಪರಿಸರದ ಕಸೂತಿಯನ್ನು ಅಲಂಕಾರವೆಂದಷ್ಟೇ ನೋಡದೆ, ಒಂದು ಜ್ಞಾನಪದ್ಧತಿಯೆಂದೂ ಚರಿತ್ರೆಯ ಆಕರವೆಂದೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹೆಸರು ಮತ್ತು ಪ್ರಾಚೀನತೆಯ ಪ್ರಶ್ನೆ

'ಕಸೂತಿ' ಶಬ್ದಕ್ಕೆ ಸಾಮಾನ್ಯವಾಗಿ ಎರಡು ವಿವರಣೆಗಳನ್ನು ಕೊಡಲಾಗುತ್ತದೆ. ಕೈ ಮತ್ತು ಸೂತ ಎಂಬ ಪದಗಳು ಸೇರಿ 'ಕೈನೂಲಿನ ಕೆಲಸ' ಎಂಬ ಅರ್ಥ ಬಂದಿತೆಂಬುದು ಒಂದು. ಪಾರಸಿ ಮೂಲದಿಂದ ಬಂದು ಉರ್ದು, ಮರಾಠಿಗಳಲ್ಲಿ ನೆಲೆಸಿದ 'ಕಶೀದಾ' ಶಬ್ದದೊಡನೆ ಇದಕ್ಕೆ ನಂಟಿದೆಯೆಂಬುದು ಇನ್ನೊಂದು. ಉತ್ತರ ಕರ್ನಾಟಕದ ನೆಲದಲ್ಲಿ ಕನ್ನಡ, ಮರಾಠಿ, ದಖನಿ ಭಾಷೆಗಳು ಶತಮಾನಗಳಿಂದ ಒಂದರ ಪಕ್ಕದಲ್ಲೊಂದು ಬಾಳಿರುವುದರಿಂದ ಈ ಎರಡು ವಿವರಣೆಗಳೂ ಹುಟ್ಟಿಕೊಂಡದ್ದು ಸಹಜ.

ಈ ಕಲೆಯ ಪ್ರಾಚೀನತೆಯ ಬಗ್ಗೆ ಮಾತ್ರ ಹೆಚ್ಚಿನ ಎಚ್ಚರ ಅಗತ್ಯ. ಕಸೂತಿ ಚಾಲುಕ್ಯರ ಕಾಲದ್ದೆಂದು ಅನೇಕ ಕಡೆ ಬರೆಯಲಾಗಿದೆ. ಇದಕ್ಕೆ ಆಧಾರವಾಗಿ ನೀಡುವ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡಬೇಕು. ಅರುವತ್ತನಾಲ್ಕು ಕಲೆಗಳಲ್ಲಿ ಇದೂ ಒಂದೆಂಬ ಮಾತು ಪ್ರಚಲಿತವಾಗಿದೆ. ವಾತ್ಸ್ಯಾಯನನ ಪಟ್ಟಿಯಲ್ಲಿ ಸೂಚೀವಾನಕರ್ಮ ಸೇರಿರುವುದು ನಿಜ. ಆದರೆ ಅದು ಸೂಜಿಯ ಕೆಲಸಕ್ಕೆ ಸಂದ ಸಾಮಾನ್ಯ ಗೌರವವೇ ಹೊರತು ಒಂದು ಪ್ರಾದೇಶಿಕ ಪದ್ಧತಿಯ ಉಲ್ಲೇಖವಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) 'ಮಾನಸೋಲ್ಲಾಸ'ದಲ್ಲಿ ವಸ್ತ್ರೋಪಭೋಗವೆಂಬ ಪ್ರತ್ಯೇಕ ಭಾಗವೇ ಇದೆ. ಅದು ಅರಸನು ಉಡುವ ಬಟ್ಟೆಯ ವೈಭವವನ್ನು ಹೇಳುತ್ತದೆ. ಮನೆಯ ಪಡಸಾಲೆಯಲ್ಲಿ ಕುಳಿತು ಸೂಜಿ ಹಿಡಿದವಳು ಅದರ ವಿಷಯವಲ್ಲ.

ಇನ್ನುಳಿದದ್ದು ಚಿತ್ರಗಳ ಸಾಕ್ಷ್ಯ. ಕಸೂತಿಯ ಅತ್ಯಂತ ಪ್ರಸಿದ್ಧ ಚಿತ್ರ ಗೋಪುರ. ಐಹೊಳೆ, ಪಟ್ಟದಕಲ್ಲುಗಳು ಹತ್ತಿರದಲ್ಲೇ ಇರುವುದರಿಂದ ಆ ದೇವಾಲಯಗಳನ್ನು ಕಂಡೇ ಈ ಚಿತ್ರ ಮೂಡಿತೆಂದು ಊಹಿಸುವುದು ಸುಲಭ. ಆದರೆ ಹಲವು ಅಂತಸ್ತುಗಳ ಎತ್ತರದ ಪ್ರವೇಶಗೋಪುರ ನಮ್ಮ ನಾಡಿನಲ್ಲಿ ವ್ಯಾಪಕವಾದುದು ವಿಜಯನಗರದ ಕಾಲದಲ್ಲಿ. ಅಲ್ಲದೆ ಚಿತ್ರದ ವಸ್ತುವಿನ ಕಾಲ ಬೇರೆ, ಚಿತ್ರಿಸಿದ ಕೈಯ ಕಾಲ ಬೇರೆ. ನಿನ್ನೆ ಸೂಜಿ ಹಿಡಿದವಳೂ ಐದು ನೂರು ವರ್ಷದ ಗೋಪುರವನ್ನು ಕಾಣಬಲ್ಲಳು. ಹೀಗಾಗಿ ಗೋಪುರದ ಚಿತ್ರ ಕಸೂತಿಯ ವಯಸ್ಸನ್ನು ಸಾಧಿಸಲಾರದು. ಪ್ರಾಚೀನತೆಯ ಹೊಗಳಿಕೆಯಿಂದ ಈ ಕಲೆಯ ಘನತೆ ಹೆಚ್ಚುವುದೂ ಇಲ್ಲ. ಅದರ ಘನತೆ ಹೊಲಿಗೆಯ ಒಳಗೇ ಇದೆ.

ಹೊಲಿಗೆಯ ವ್ಯಾಕರಣ

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗಾವಂತಿ ಎರಡು ಸಲ ಸಾಗುವ ಗೆರೆಹೊಲಿಗೆ. ಮುರಗಿ ಮೆಟ್ಟಿಲಿನಂತೆ ಮುರಿದು ಮುರಿದು ಏರುವ ಹೊಲಿಗೆ. ನೇಗಿ ಹೆಸರೇ ಸೂಚಿಸುವಂತೆ ನೇಯ್ಗೆಯನ್ನು ಹೋಲುತ್ತದೆ. ಉದ್ದ ಗಿಡ್ಡ ಎಳೆಗಳು ಸಾಲಾಗಿ ಕೂಡಿ ಆಕೃತಿಯಾಗುತ್ತವೆ. ಮೆಂತಿ ಮೆಂತ್ಯೆಯ ಕಾಳಿನಂತೆ ಕಾಣುವ ಅಡ್ಡಹೆಣಿಗೆಯ ಹೊಲಿಗೆ. ದಟ್ಟವಾಗಿ ತುಂಬಬೇಕಾದ ಕಡೆ ಬಳಕೆಯಾಗುತ್ತದೆ. ಗಾವಂತಿ ಮತ್ತು ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ನೇಗಿ, ಮೆಂತಿಗಳಲ್ಲಿ ಹಾಗಲ್ಲ.

ಈ ಕೆಲಸಕ್ಕೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿ ಮುನ್ನಡೆಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ, ಏಕೆಂದರೆ ಗಂಟು ಬಿದ್ದ ಮಗ್ಗುಲು ಹಿಮ್ಮಗ್ಗುಲೆಂದು ತಿಳಿದುಬಿಡುತ್ತದೆ.

ಗಾವಂತಿಯ ನಡೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಸೂಜಿ ಒಂದು ಹೆಜ್ಜೆಯನ್ನು ಬಟ್ಟೆಯ ಮೇಲೆ, ಮುಂದಿನ ಹೆಜ್ಜೆಯನ್ನು ಕೆಳಗೆ ಇಡುತ್ತ ಸಾಗುತ್ತದೆ. ಹೋಗುವಾಗ ಗೆರೆ ಅರ್ಧ ಮಾತ್ರ ಮೂಡಿ ನಡುನಡುವೆ ಖಾಲಿ ಉಳಿಯುತ್ತದೆ. ಬಂದ ದಾರಿಯಲ್ಲೇ ಹಿಂದಿರುಗುವಾಗ ಆ ಖಾಲಿಗಳು ತುಂಬಿ, ಎರಡೂ ಮಗ್ಗುಲಲ್ಲಿ ಗೆರೆ ಪೂರ್ಣವಾಗುತ್ತದೆ. ದಾರಿಯಲ್ಲಿ ಒಂದು ಟೊಂಗೆ ಒಡೆದರೆ ಏನು ಮಾಡಬೇಕು? ಟೊಂಗೆಯ ತುದಿಯವರೆಗೆ ಹೋಗಿ ಬುಡಕ್ಕೆ ಮರಳಬೇಕು. ಹೋದಷ್ಟೇ ಹೆಜ್ಜೆ ಬರುವಾಗಲೂ ಇರುವುದರಿಂದ ಒಟ್ಟು ಹೆಜ್ಜೆಗಳ ಸಂಖ್ಯೆ ಯಾವಾಗಲೂ ಸಮವಾಗಿರುತ್ತದೆ. ಮುಖ್ಯ ಗೆರೆಯ ಮೇಲೆ-ಕೆಳಗೆ ಎಂಬ ಸರದಿ ಕೆಡುವುದಿಲ್ಲ. ಟೊಂಗೆಗೆ ಇನ್ನೊಂದು ಟೊಂಗೆ ಒಡೆದರೂ ಇದೇ ನಿಯಮ. ಇದಕ್ಕೆ ತಪ್ಪಿ ನಾಲ್ಕು ಹೆಜ್ಜೆಯ ಒಂದು ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ, ಎರಡನೆಯ ಸುತ್ತಿನ ಎಳೆಗಳು ಮೊದಲಿನ ಎಳೆಗಳ ಮೇಲೆಯೇ ಬಿದ್ದು ಖಾಲಿಗಳು ಖಾಲಿಯಾಗಿಯೇ ಉಳಿಯುತ್ತವೆ. ಆದ್ದರಿಂದಲೇ ಬಂದ ದಾರಿಯಲ್ಲಿ ಮರಳುವುದು ಈ ಹೊಲಿಗೆಯ ಮೂಲನಿಯಮವಾಗಿದೆ. ಎಷ್ಟೇ ಜಟಿಲವಾದ ಆಕೃತಿಯಾದರೂ ಬಿಡಿಯಾಗದೆ ಒಂದಕ್ಕೊಂದು ಕೂಡಿಕೊಂಡಿದ್ದರೆ, ಅದನ್ನು ಒಂದೇ ಪ್ರಯಾಣದಲ್ಲಿ ಮುಗಿಸಿ ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುವುದು ಸಾಧ್ಯ.

ಆಧುನಿಕ ಗಣಿತ ಇಂಥ ಪ್ರಯಾಣಗಳನ್ನು ಜಾಲಗಳ ಸಿದ್ಧಾಂತವೆಂದು ಅಭ್ಯಸಿಸುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಅದನ್ನು ಕಾಗದವಿಲ್ಲದೆ, ನೆನಪಿನಲ್ಲಿ ಹೊತ್ತು, ಬೆರಳಿನ ತುದಿಯಲ್ಲಿ ನಡೆಸಿದರು. ತೇರಿನ ಚಿತ್ರವೊಂದರಲ್ಲಿ ಯಾವ ಟೊಂಗೆಯನ್ನು ಮೊದಲು ಹಿಡಿಯಬೇಕು, ಯಾವುದನ್ನು ಮರಳುವಾಗ ಮುಗಿಸಬೇಕು ಎಂಬ ಕ್ರಮ ಸೂಜಿ ಎತ್ತುವ ಮುನ್ನವೇ ಮನಸ್ಸಿನಲ್ಲಿ ಸಿದ್ಧವಾಗಿರಬೇಕಾಗುತ್ತದೆ. ಇದನ್ನು ಕೈಚಳಕವೆಂದು ಕರೆದು ಸುಮ್ಮನಾಗುವುದು ನ್ಯಾಯವಲ್ಲ.

ಇದೇ ಹೊಲಿಗೆ ಯುರೋಪಿನಲ್ಲಿಯೂ ಇದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನ ಚಿತ್ರಕಾರನಾಗಿದ್ದ ಹಾನ್ಸ್ ಹೊಲ್ಬೈನ್ (ಮರಣ 1543) ಬರೆದ ಭಾವಚಿತ್ರಗಳಲ್ಲಿ ಕೊರಳಪಟ್ಟಿ ಮತ್ತು ಮುಂಗೈಪಟ್ಟಿಗಳ ಮೇಲೆ ಅದು ಕಾಣುವುದರಿಂದ, ಅಲ್ಲಿ ಅದಕ್ಕೆ ಆತನ ಹೆಸರೇ ನಿಂತಿದೆ. ಇಂಥ ಸಾಮ್ಯವನ್ನು ಕಂಡೊಡನೆ ಯಾರಿಂದ ಯಾರು ಕಲಿತರು ಎಂದು ಕೇಳುವುದು ವಾಡಿಕೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈ ಹೊಲಿಗೆ ಎಲ್ಲಿ ಅಗತ್ಯವಾಗುತ್ತದೆ ಎಂಬುದು. ಕೊರಳಪಟ್ಟಿ, ಮುಂಗೈಪಟ್ಟಿಗಳ ಎರಡೂ ಮಗ್ಗುಲು ನೋಡುವವರ ಕಣ್ಣಿಗೆ ಬೀಳುತ್ತವೆ. ನಮ್ಮಲ್ಲಿ ಹೊದ್ದ ಸೆರಗೂ ಹಾಗೆಯೇ. ಗಾಳಿಗೆ ಹಾರುವ, ತಲೆಯ ಮೇಲೆ ಮಗುಚಿ ಬೀಳುವ ಸೆರಗಿಗೆ ಹಿಮ್ಮಗ್ಗುಲೆಂಬುದಿಲ್ಲ. ಇಮ್ಮೊಗದ ಹೊಲಿಗೆ ಬೇರೂರಲು ಉಡುವ ರೀತಿಯೇ ಸಾಕಷ್ಟು ಕಾರಣವೆಂದು ಹೇಳಬಹುದಾಗಿದೆ.

ಸ್ಫೂರ್ತಿಯ ನೆಲೆಗಳು

ಕಸೂತಿಗೆ ಒದಗಿದ ಮುಖ್ಯ ನೆಲ ಇಳಕಲ್ ಸೀರೆ. ಅದರ ಮೈ ಸರಳ ನೇಯ್ಗೆಯದು. ಎಳೆಗಳು ಎಣಿಕೆಗೆ ಸಿಗುತ್ತವೆ. ಕೆಂಪು ರೇಷ್ಮೆಯ ಸೆರಗಿನ ಹಾಸುಗಳನ್ನು ಮೈಯ ಹಾಸುಗಳೊಡನೆ ಕೊಂಡಿಯಂತೆ ಜೋಡಿಸಿ ನೇಯುವುದು ಇಳಕಲ್ಲಿನ ನೇಕಾರರ ವಿಶಿಷ್ಟ ಕೌಶಲ. ನೇಕಾರ ಕೊಟ್ಟ ಈ ಚೌಕಟ್ಟಿನೊಳಗೆ ಮನೆಯ ಹೆಣ್ಣುಮಗಳು ತನ್ನ ಲೋಕವನ್ನು ತುಂಬಿದಳು. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು; ಮೈಯ ಕಡೆಗೆ ಸಾಗಿದಂತೆ ಅವು ಚಿಕ್ಕವಾಗಿ ಬುಟ್ಟಿಗಳಾಗಿ ಚದುರುತ್ತವೆ. ಮದುವೆಯಲ್ಲಿ ಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆ, ಗುಳೇದಗುಡ್ಡದ ಖಣದ ಜೊತೆಗೆ ಉಡುವ ಸೀರೆಯ ಸೆರಗು, ಕೂಸಿನ ಕುಲಾಯಿ ಮತ್ತು ಕುಂಚಿಗೆ ಇವು ಕಸೂತಿಯ ಮುಖ್ಯ ಸ್ಥಾನಗಳು. ಮದುವೆ ಮತ್ತು ಹೆರಿಗೆ ಎಂಬ ಹೆಣ್ಣಿನ ಬಾಳಿನ ಎರಡು ಹೊಸ್ತಿಲುಗಳಲ್ಲಿ ಈ ಕಲೆ ನಿಂತಿರುವುದು ಗಮನಾರ್ಹ.

ಚಿತ್ರಗಳ ಪಟ್ಟಿಯೂ ಇದನ್ನೇ ಹೇಳುತ್ತದೆ. ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ ಇವು ಜಾತ್ರೆ ಮತ್ತು ಉತ್ಸವದಲ್ಲಿ ಕಂಡವು. ತುಳಸಿಕಟ್ಟೆ, ತೊಟ್ಟಿಲು, ದೀಪ ಇವು ಮನೆಯವು. ಗಿಳಿ, ನವಿಲು, ಹಂಸ, ಜಿಂಕೆ, ಕಮಲ ಇವು ಹಿತ್ತಲಿನಿಂದಲೂ ಹಾಡಿನಿಂದಲೂ ಬಂದವು. ಆದರೆ ಕಂಡದ್ದು ಕಂಡ ಹಾಗೆ ಇಲ್ಲಿ ಮೂಡುವುದಿಲ್ಲ. ಎಳೆಗಳ ಚೌಕಟ್ಟಿನಲ್ಲಿ ನೇರಗೆರೆ, ಅಡ್ಡಗೆರೆ, ಓರೆಗೆರೆಗಳಿಗೆ ಮಾತ್ರ ಅವಕಾಶ; ಬಾಗಿದ ಗೆರೆಗೆ ಎಡೆಯಿಲ್ಲ. ನವಿಲಿನ ಕೊರಳು ಮೆಟ್ಟಿಲಾಗಬೇಕು, ತೇರಿನ ಗಾಲಿ ಅಷ್ಟಕೋನವಾಗಬೇಕು. ಈ ನಿರ್ಬಂಧವೇ ಹೊಸ ರೂಪಗಳ ತಾಯಿಯಾಯಿತು. ಸ್ಫೂರ್ತಿಯೆಂದರೆ ಅನುಕರಣೆಯಲ್ಲ, ಕಂಡದ್ದನ್ನು ತನ್ನ ಮಾಧ್ಯಮದ ನಿಯಮಕ್ಕೆ ಒಪ್ಪಿಸಿ ಮತ್ತೆ ಕಟ್ಟುವುದೆಂಬ ಮಾತಿಗೆ ಕಸೂತಿಗಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಹೆಸರಿಲ್ಲದ ಕರ್ತೃಗಳು

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಕದಿರ ರೆಮ್ಮವ್ವೆ ಇದ್ದಾಳೆ. ಸೂಜಿ ಮತ್ತು ಕದಿರುಗಳು ಇವರ ಹೆಸರಿನ ಭಾಗವೇ ಆಗಿವೆ. ರೆಮ್ಮವ್ವೆ ನೂತ ನೂಲು ಎಂದೋ ಮಣ್ಣಾಯಿತು. ಆಕೆಯ ಹೆಸರು ಉಳಿದದ್ದು ವಚನದಿಂದ. ಮಾತು ಬರಹವಾದಾಗ ಕರ್ತೃ ಉಳಿಯುತ್ತಾನೆ, ಕೆಲಸ ಬಟ್ಟೆಯಾಗಿ ಉಳಿದಾಗ ಕರ್ತೃ ಅಳಿಯುತ್ತಾಳೆ ಎಂಬ ಸತ್ಯ ಇಲ್ಲಿದೆ. ಶಿಲ್ಪಿಗಳು ತಮ್ಮ ಕೃತಿಗಳ ಪೀಠದಲ್ಲಿ ರುಜು ಹಾಕಿದ ನಾಡು ನಮ್ಮದು. ಬೇಲೂರಿನ ದಾಸೋಜ, ಚಾವಣರನ್ನು ನಾವು ಹೆಸರು ಹಿಡಿದು ಕರೆಯುತ್ತೇವೆ. ಗಾವಂತಿಯ ಗೋಪುರಕ್ಕೆ ರುಜುವಿಲ್ಲ.

ಆಡಳಿತದ ದಾಖಲೆಗಳ ಸ್ವರೂಪವೂ ಇದಕ್ಕೆ ಕಾರಣ. ಮುಂಬಯಿ ಸರಕಾರ 1884ರಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಗ್ಯಾಸೆಟಿಯರುಗಳನ್ನು ಪ್ರಕಟಿಸಿತು. ಇಂಥ ಬರಹಗಳ ಕಣ್ಣು ಮಗ್ಗ, ಬಣ್ಣಗಾರಿಕೆ, ಮಾರುಕಟ್ಟೆಗಳ ಮೇಲೆ ಇರುವುದು ಸಹಜ, ಏಕೆಂದರೆ ಅವು ವ್ಯಾಪಾರಕ್ಕೂ ತೆರಿಗೆಗೂ ಸಂಬಂಧಿಸಿದವು. ಮಾರಾಟಕ್ಕಲ್ಲದೆ ಮಗಳಿಗಾಗಿ ಮಾಡಿದ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಗೊಂಡು, ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರ ನೇತೃತ್ವದಲ್ಲಿ ದೇಶದ ಕೈಕಸುಬುಗಳಿಗೆ ಮನ್ನಣೆ ಬಂದಿತು. ಮನೆಯ ಕಸೂತಿ ಕ್ರಮೇಣ ಕೂಲಿಯ ಕಸೂತಿಯೂ ಆಯಿತು. ಎಳೆ ಎಣಿಸಲಾಗದ ನುಣುಪು ರೇಷ್ಮೆ, ಜಾರ್ಜೆಟ್ ಬಟ್ಟೆಗಳ ಮೇಲೆ ಜಾಳಿಗೆಯ ತುಂಡೊಂದನ್ನು ಟಾಕಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕಡೆಗೆ ಜಾಳಿಗೆಯ ಎಳೆಗಳನ್ನು ಸೆಳೆದು ತೆಗೆಯುವ ಉಪಾಯ ಬಳಕೆಗೆ ಬಂದಿತು. 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಮೂಲಕ ಕಸೂತಿಗೆ ನೋಂದಣಿ ದೊರೆತಿದೆ. ಸಂಡೂರಿನ ಲಂಬಾಣಿ ಕಸೂತಿ, ಇಳಕಲ್ ಸೀರೆ, ನವಲಗುಂದದ ಜಮಖಾನಗಳಿಗೂ ಇಂಥ ರಕ್ಷಣೆ ಇದೆ. ಈ ಕಾಯಿದೆ ಊರಿನ ಹೆಸರನ್ನು ಕಾಯುತ್ತದೆ. ಮಾಡಿದವಳ ಹೆಸರನ್ನು ಕಾಯುವುದು ಸಂಶೋಧಕರ ಮತ್ತು ಸಂಗ್ರಹಾಲಯಗಳ ಹೊಣೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಹಳೆಯ ಸೀರೆ, ಕುಲಾಯಿಗಳನ್ನು ಸಂಗ್ರಹಿಸುವಾಗ ಚಿತ್ರದ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು. ಯಾರ ಮನೆಯದು, ಯಾರ ಕೈಯದು, ಯಾರ ಮದುವೆಗೆ ಯಾರು ಹೊಲಿದದ್ದು, ಯಾರಿಂದ ಕಲಿತದ್ದು ಎಂಬುದನ್ನು ಬಲ್ಲವರು ಇರುವಾಗಲೇ ಕೇಳಿ ದಾಖಲಿಸಬೇಕು. ಎಳೆಗಳ ಎಣಿಕೆ ಮತ್ತು ಸೂಜಿ ನಡೆದ ದಾರಿಯನ್ನು ಗುರುತಿಸಬೇಕು. ಮುಗಿದ ಚಿತ್ರವನ್ನು ಛಾಯಾಚಿತ್ರ ಉಳಿಸಬಲ್ಲದು. ಅದು ಮೂಡಿದ ಕ್ರಮವನ್ನು ಉಳಿಸಲಾರದು. ಆ ಕ್ರಮವೇ ನಿಜವಾದ ವಿದ್ಯೆ. ಬಲ್ಲವಳು ಹೋದ ಮೇಲೆ ಅದು ಸುಲಭವಾಗಿ ಮರಳುವುದಿಲ್ಲ.

ಇಂದು ಯಂತ್ರದ ಹೊಲಿಗೆಯಲ್ಲಿಯೂ ಅಚ್ಚಿನಲ್ಲಿಯೂ ಕಸೂತಿಯ ಚಿತ್ರಗಳು ಧಾರಾಳವಾಗಿ ದೊರೆಯುತ್ತವೆ. ಮುಂಬದಿಯಿಂದ ನೋಡಿದರೆ ವ್ಯತ್ಯಾಸ ತಿಳಿಯದಷ್ಟು ಅವು ನಿಖರವಾಗಿರಬಹುದು. ಯಂತ್ರದಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬೇರೆ ಬೇರೆ. ಆದ್ದರಿಂದ ಬಟ್ಟೆಯನ್ನು ಮಗುಚಿದೊಡನೆ ಗುಟ್ಟು ಬಯಲಾಗುತ್ತದೆ. ಗಾವಂತಿಯಲ್ಲಿ ಒಂದೇ ದಾರ ಹೋಗಿ, ಬಂದ ದಾರಿಯಲ್ಲೇ ಮರಳಿ, ಎರಡೂ ಮುಖಗಳನ್ನು ಪೂರ್ಣಗೊಳಿಸುತ್ತದೆ. ನಾಡಿನ ಚರಿತ್ರೆಯ ಮುಂಬದಿಯನ್ನು ನಾವು ಸಾಕಷ್ಟು ಓದಿದ್ದೇವೆ. ಅದನ್ನು ಮಗುಚಿ ನೋಡಿದಾಗ ಅಲ್ಲಿಯೂ ಅಷ್ಟೇ ಶ್ರದ್ಧೆಯ ಗೆರೆಗಳಿರುವುದನ್ನು ಈ ಹೆಸರಿಲ್ಲದ ಕೈಗಳು ತೋರಿಸಿಕೊಡುತ್ತವೆ.