ಮರುನೇಮಕದ ಆಸೆ ಇರೋರು ಸರ್ಕಾರವನ್ನು ಪ್ರಶ್ನಿಸ್ತಾರಾ?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಆದೇಶ ಕೊಡುವಂತಿಲ್ಲ. ಹಾಗಾಗಿ ಅಲ್ಲಿ ಕೂತವರು ನಿಷ್ಠುರವಾಗಿ ಮಾತಾಡುವುದೇ ಅದರ ಬಲ.

1993ರ ಕಾಯ್ದೆಯಲ್ಲಿ ಅವಧಿ 5 ವರ್ಷ ಅಥವಾ 70 ವಯಸ್ಸಾಗುವವರೆಗೆ ಎಂದಿತ್ತು. ಸದಸ್ಯರಿಗೆ ಮಾತ್ರ ಇನ್ನೊಂದು ಅವಧಿಗೆ ಮರುನೇಮಕದ ಅವಕಾಶವಿತ್ತು. 2019ರ ತಿದ್ದುಪಡಿ ಅವಧಿಯನ್ನು 3 ವರ್ಷಕ್ಕೆ ಇಳಿಸಿತು. ಅಧ್ಯಕ್ಷರಿಗೂ ಮರುನೇಮಕದ ಅವಕಾಶ ಕೊಟ್ಟಿತು. ‘ಇನ್ನೊಂದೇ ಅವಧಿ’ ಎಂಬ ಮಿತಿಯೂ ಹೋಯ್ತು. ಈಗ ತಡೆ ಇರೋದು 70ರ ವಯೋಮಿತಿ ಒಂದೇ. ರಾಜ್ಯ ಆಯೋಗಗಳ ಅವಧಿಗೂ ಇದೇ ಬದಲಾವಣೆ.

ಅನುಭವ ಇರೋರು ಮುಂದುವರಿದರೆ ಒಳ್ಳೇದಲ್ವಾ? ನಿಜ, ಕೆಲಸ ಕಲಿಯೋಕೇ ಒಂದಷ್ಟು ಸಮಯ ಬೇಕು. ಆದರೆ ಮತ್ತೆ ಆರಿಸೋರು ಯಾರು? ಪ್ರಧಾನಿ ಅಧ್ಯಕ್ಷತೆಯ ಸಮಿತಿ. ಪ್ರತಿಪಕ್ಷ ನಾಯಕರ ಜೊತೆ ಗೃಹ ಸಚಿವರೂ ಅಲ್ಲಿದ್ದಾರೆ. ದೆಹಲಿ ಪೊಲೀಸರು ಇರೋದು ಅದೇ ಗೃಹ ಸಚಿವಾಲಯದ ಅಡಿಯಲ್ಲಿ. ಅವರ ವಿರುದ್ಧದ ದೂರು ಮೂರನೇ ವರ್ಷದಲ್ಲಿ ಬಂದರೆ, ಮರುನೇಮಕಕ್ಕೆ ಕಾದಿರುವ ಸದಸ್ಯರ ಪೆನ್ನು ಎಷ್ಟು ಗಟ್ಟಿಯಾಗಿ ಓಡೀತು?

ಲೋಕಪಾಲ ಕಾಯ್ದೆಯ ದಾರಿ ಬೇರೆ: 5 ವರ್ಷ ಅಥವಾ 70 ವಯಸ್ಸು, ಮರುನೇಮಕ ಇಲ್ಲ. ಅನುಭವವೂ ಬೇಕು, ಧೈರ್ಯವೂ ಬೇಕು ಅಂದ್ರೆ ಅವಧಿ ದೊಡ್ಡದಿರಲಿ, ಆದರೆ ಒಂದೇ ಇರಲಿ.